ಗಿಟಾರೇ ಮಾಯ

ಬಸ್ಸಲ್ಲಿ ಅಮೆರಿಕದ ಪಂಕ್ ಬ್ಯಾಂಡ್ ರಮೋನ್ಸ್ ಕೇಳ್ತಾ ಕೂತಿದ್ದೆ, ಬಲಗಡೆ ಇಯರ್‌ಫೋನ್ ಕೈಕೊಡ್ತು. ನೋಡಿದ್ರೆ ಜಾನಿಯ ಗಿಟಾರೇ ಮಾಯ! ಬರೀ ಡೀ ಡೀಯ ಬೇಸು, ಡ್ರಮ್ಸು, ಜೋಯಿಯ ದನಿ.

1976ರ ಅವರ ಮೊದಲ ಆಲ್ಬಮ್ ಅದು. ಬೀಟಲ್ಸ್‌ನ ಹಳೇ ಸ್ಟೀರಿಯೋ ರೆಕಾರ್ಡುಗಳ ಥರ ಗಿಟಾರನ್ನ ಒಂದು ಕಿವಿಗೆ, ಬೇಸನ್ನ ಇನ್ನೊಂದಕ್ಕೆ ಹಂಚಿಬಿಟ್ಟಿದ್ದಾರೆ. ಒಂದು ವಾರದ ರೆಕಾರ್ಡಿಂಗು, ಸುಮಾರು 6,400 ಡಾಲರ್ ಖರ್ಚು. 14 ಹಾಡು, ಅರ್ಧ ಗಂಟೆಯೊಳಗೆ ಎಲ್ಲಾ ಖಲಾಸ್. (ನಮ್ಮಲ್ಲಿ ಅಷ್ಟೊತ್ತಿಗೆ ಆಲಾಪನೆಯೇ ಮುಗಿದಿರಲ್ಲ!)

ಇವರಿಗೆ ನುಡಿಸೋಕೇ ಬರ್ತಿರಲಿಲ್ಲ, ಸುಮ್ನೆ ಗದ್ದಲ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಗಿಟಾರ್ ತೆಗೆದು ಕೇಳಿ ಸ್ವಾಮಿ. ಲಯ ಒಂದಿಷ್ಟೂ ಅಲ್ಲಾಡಲ್ಲ. ಆಮೇಲೆ ಇಯರ್‌ಫೋನ್ ಹೊಸದು ತಂದು, ಬಲಗಡೆಯದನ್ನಷ್ಟೇ ಹಾಕ್ಕೊಂಡು, ಬೇಸ್ ಇಲ್ಲದೆ ಜಾನಿಯ ಗಿಟಾರ್ ಕೇಳಿದೆ. ತಂತಿಗಳ ಮೇಲೆ ಕೈ ಮೇಲಿಂದ ಕೆಳಕ್ಕೆ, ಬರೀ ಮೇಲಿಂದ ಕೆಳಕ್ಕೆ, ಆ ವೇಗದಲ್ಲಿ! ಎರಡು ನಿಮಿಷ ನಾನು ಹಾಗೆ ಮಾಡಿದ್ರೆ ಮಣಿಕಟ್ಟು ಬಿದ್ದೇಹೋಗುತ್ತೆ.

ಅಮೆರಿಕದಲ್ಲಿ ಈ ಆಲ್ಬಮ್ 5 ಲಕ್ಷ ಪ್ರತಿಗಳ ಗಡಿ ದಾಟಿ 'ಗೋಲ್ಡ್' ಅನ್ನಿಸಿಕೊಂಡಿದ್ದು 2014ರಲ್ಲಿ. ಅಷ್ಟರಲ್ಲಿ ಜೋಯಿ, ಡೀ ಡೀ, ಜಾನಿ ಮೂವರೂ ಹೋಗಿಯಾಗಿತ್ತು. ಉಳಿದಿದ್ದು ಡ್ರಮ್ಮರ್ ಟಾಮಿ ಒಬ್ಬ, ಅವನೂ ಅದೇ ವರ್ಷ ಜುಲೈಯಲ್ಲಿ ತೀರಿಕೊಂಡ.

ಒಂದೇ ಕಿವಿಯಲ್ಲಿ ಕೇಳಿ ನೋಡಿ. ಬೇಸ್ ಪಕ್ಷವೋ, ಗಿಟಾರ್ ಪಕ್ಷವೋ? ನಾನಂತೂ ಬೇಸ್ ಕಡೆ.