ದುಡಿಯುವ ಕೈಯ ಬೆಲೆ

ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಸುತ್ತಣ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಸಜ್ಜೆ, ಜೋಳಗಳ ತೆನೆ ಕಣಕ್ಕೆ ಬಂದಿತೆಂದರೆ ಹಿಂದೆ ಅಲ್ಲಿ ಹಂತಿ ಕಟ್ಟುತ್ತಿದ್ದರು. ನಡುವೆ ಮೇಟಿ, ಅದರ ಸುತ್ತ ಎತ್ತುಗಳ ಸಾಲು, ಅವುಗಳ ಹಿಂದೆ ಹಂತಿಯ ಪದ ಹೇಳುವವನ ದನಿ. ಎತ್ತು ದಣಿದರೆ ನಿಲ್ಲುತ್ತಿತ್ತು. ಆಳು ಎಡವಿ ಬಿದ್ದರೂ ನಿಲ್ಲುತ್ತಿತ್ತು. ಈಗ ಕಣಕ್ಕೆ ರಾಶಿ ಯಂತ್ರ ಬಂದಿದೆ. ಹಲವು ದಿನಗಳ ಕೆಲಸವನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಅದಕ್ಕೆ ದಣಿವಿಲ್ಲ, ತೆನೆ ಯಾವುದು, ತೋಳು ಯಾವುದು ಎಂಬ ವಿವೇಚನೆಯೂ ಇಲ್ಲ.

ಅನಾಹುತವು ಹೇಳಿ ಬರುವುದಿಲ್ಲ. ತೆನೆಯ ಕಟ್ಟು ಯಂತ್ರದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಿದ್ದೆಗಣ್ಣಿನ ಆಳು ಅದನ್ನು ಕೈಯಿಂದಲೇ ಒಳಕ್ಕೆ ನೂಕುತ್ತಾನೆ. ಇಲ್ಲವೆ ಹೆಣ್ಣಾಳಿನ ಸೆರಗು ತಿರುಗುವ ಪಟ್ಟಿಗೆ ಸಿಲುಕುತ್ತದೆ. ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿ ಹೋಗಿರುತ್ತದೆ. ಕೂಡಿದ ಜನ "ಎಚ್ಚರದಿಂದ ಇರಬಾರದಿತ್ತೆ?" ಎನ್ನುತ್ತಾರೆ. ಸುಲಭವಾದ ಮಾತು! ಒಕ್ಕಣೆ ಯಂತ್ರಕ್ಕೆ ತೆನೆ ಉಣಿಸುವ ದೋಣಿಯು ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ 45 ಸೆಂಟಿಮೀಟರಾದರೂ ಮೇಲೆ ಮುಚ್ಚಿರಬೇಕು ಎಂದು ಭಾರತೀಯ ಮಾನಕವು ವಿಧಿಸಿದೆ. ಎಂಥ ಆಳಿನ ತೋಳಿಗಿಂತಲೂ ಅದು ನೀಳ. ನಿದ್ದೆಗಣ್ಣಿನಲ್ಲಿ ನೂಕಿದರೂ ಕೈಯು ಒಳಗಿನ ಉರುಳೆಯನ್ನು ಮುಟ್ಟದು. ದೋಣಿಯನ್ನು ಮೊಟಕು ಮಾಡಿದವನ ಎಚ್ಚರದ ವಿಷಯವನ್ನು ಯಾರೂ ಎತ್ತುವುದಿಲ್ಲ. ಇಂತಹ ಯಂತ್ರಗಳ ಹತೋಟಿಗಾಗಿಯೇ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯಿದೆಯನ್ನು ಮಾಡಿತು.

ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ಕಾನೂನು ಇದಕ್ಕಿಂತ ಹಳೆಯದು. ಕಾರ್ಮಿಕರ ನಷ್ಟಪರಿಹಾರ ಕಾಯಿದೆಯು 1923ರಲ್ಲಿ ರಚಿತವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಯಂತ್ರಬಲದಿಂದ ನಡೆಯುವ ಬೇಸಾಯದ ಕೆಲಸವೂ ಅದರ ಪಟ್ಟಿಯಲ್ಲಿ ಸೇರಿತ್ತು. ದಿನಗೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಆಳು ಮೈಮರೆತನೆಂಬ ಕಾರಣ ಮಾತ್ರದಿಂದ ಪರಿಹಾರ ತಪ್ಪುತ್ತಿರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಈ ಹಳೆಯ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು, 2025ರ ನವೆಂಬರ್ 21ರಂದು ಜಾರಿಗೊಂಡಿತು.

ಅಂಗಹಾನಿಗೂ 1923ರ ಕಾಯಿದೆಯಲ್ಲಿ ಲೆಕ್ಕವಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ ನಷ್ಟ. ಹಸ್ತವೇ ಹೋದರೆ 60. ಆದರೆ ಕೈಯಿಂದಲೇ ಬದುಕುವವನಿಗೆ ಈ ಲೆಕ್ಕ ಸಾಕೆ? 1968ರಲ್ಲಿ ಅಂದಿನ ಒರಿಸ್ಸಾದ ಚಿತ್ರಮಂದಿರವೊಂದರಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು ಗಾಯಗೊಂಡು, ಅವನ ಎಡಗೈಯನ್ನು ಕತ್ತರಿಸಬೇಕಾಯಿತು. ಮಾಲಿಕನು ಪಟ್ಟಿಯನ್ನು ತೋರಿಸಿ, ಇದು ಭಾಗಶಃ ನಷ್ಟವೆಂದು ವಾದಿಸಿದನು. ಒಂಟಿ ಕೈಯಲ್ಲಿ ಬಡಗಿತನ ನಡೆಯದು, ಆದುದರಿಂದ ನಷ್ಟವು ಪೂರ್ಣ ನೂರು ಎಂಬ ನಿರ್ಣಯವನ್ನು 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅಪಘಾತವಾದ ದಿನದಿಂದಲೇ ಪರಿಹಾರದ ಹೊಣೆ ಹುಟ್ಟುತ್ತದೆಂದೂ ಹೇಳಿತು. ಹಗ್ಗ ಹೊಸೆಯುವವನಿಗೆ, ಕಟ್ಟು ಕಟ್ಟುವವನಿಗೆ, ಕಳೆ ಕೀಳುವವಳಿಗೆ ಈ ಮಾತು ಸಲ್ಲದೆ?

ಕಣದಲ್ಲಿ ನಡೆಯುವುದು ಬೇರೆ. ಯಜಮಾನನು ಆಸ್ಪತ್ರೆಯ ಖರ್ಚು ಕೊಡುತ್ತಾನೆ, ಒಂದೆರಡು ಚೀಲ ಜೋಳ ಕಳುಹಿಸುತ್ತಾನೆ. ಊರು ಅವನನ್ನು ಧರ್ಮಾತ್ಮನೆಂದು ಕೊಂಡಾಡುತ್ತದೆ. ಅವನ ಮನಸ್ಸು ಕೆಟ್ಟದ್ದೆಂದಲ್ಲ. ಆದರೆ ಸಾಲ ತೀರಿಸುವುದನ್ನು ಯಾರೂ ದಾನವೆನ್ನುವುದಿಲ್ಲ. ಆಮೇಲೆ ಹಿರಿಯರು ಕೂಡುತ್ತಾರೆ, ಕಾಗದ ಬರೆಯಿಸುತ್ತಾರೆ; ಇನ್ನೇನನ್ನೂ ಕೇಳುವುದಿಲ್ಲವೆಂದು ಗಾಯಾಳುವಿನ ಉಳಿದ ಕೈಯ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುತ್ತಾರೆ. ಹಕ್ಕು ಬಿಟ್ಟುಕೊಡುವ ಅಂತಹ ಕರಾರು ಶೂನ್ಯವೆಂದು 1923ರ ಕಾಯಿದೆಯೇ ಸಾರಿತ್ತು.