ಎರಡು ಬೆರಳು ಉದ್ದ

ಮೊದಲೇ ಹೇಳಿಬಿಡುತ್ತೇನೆ. ಆ ಕೋವಿಗೆ ನಾನು ಕೊಟ್ಟದ್ದು 1,900 ಡಾಲರ್, ಮಾರಿದ್ದು 1,050ಕ್ಕೆ. ನಡುವೆ ಇದ್ದದ್ದು ಹದಿನಾಲ್ಕು ತಿಂಗಳು. ಈ ಲೆಕ್ಕ ನನ್ನ ಹೆಂಡತಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಅವಳಿಗೆ ಕನ್ನಡ ಪತ್ರಿಕೆಗಳಲ್ಲಿ ಅಡುಗೆ ಪುಟ ಬಿಟ್ಟರೆ ಬೇರೆ ಪುಟ ತಿರುಗಿಸುವ ಅಭ್ಯಾಸವಿಲ್ಲ ಎನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನಿರುವುದು ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಅಂಚಿಗೆ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಅಜ್ಜನ ಹೆಸರಿಗೆ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ತೋಟಾಕೋವಿ ಇತ್ತು. ಆ ಲೈಸೆನ್ಸಿಗಾಗಿ ಅಜ್ಜ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ್ದರು. ಕೋವಿ ಮಂಗ ಓಡಿಸಲಿಕ್ಕೆ, ಹಂದಿ ಬೆದರಿಸಲಿಕ್ಕೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ನಮಗೆ ಮಕ್ಕಳಿಗೆ ಅದನ್ನು ಮುಟ್ಟುವುದಿರಲಿ, ಅದು ಒರಗಿರುವ ಮೂಲೆಗೆ ಹೋಗುವುದಕ್ಕೂ ಬಿಡುತ್ತಿರಲಿಲ್ಲ. ನನ್ನ ಆಸೆಯ ಬೇರು ಅಲ್ಲೇ ಇದ್ದಿರಬೇಕು.

ಅಮೆರಿಕಕ್ಕೆ ಬಂದ ಮೇಲೆ ಎಚ್-1ಬಿ ವೀಸಾದಲ್ಲಿ ಇರುವಷ್ಟು ಕಾಲ ಕೋವಿಯ ಯೋಚನೆ ಮಾಡುವ ಹಾಗೇ ಇರಲಿಲ್ಲ. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಬಂದ ವರ್ಷವೇ ಅಂಗಡಿಗೆ ಹೋಗಿ, 4473 ಎಂಬ ಫಾರಂ ತುಂಬಿ, ಎಫ್‌ಬಿಐ ದಾಖಲೆಯಲ್ಲಿ ನನ್ನ ಹೆಸರು ತಾಳೆ ನೋಡಿಸಿಕೊಂಡು, ಪೊಲೀಸ್ ಇಲಾಖೆಯೊಂದು ಹರಾಜಿಗೆ ಹಾಕಿದ್ದ ಹಳೆಯ ರೆಮಿಂಗ್ಟನ್ 870 ಒಂದನ್ನು 340 ಡಾಲರಿಗೆ ತಂದೆ. ಎಲ್ಲ ಸೇರಿ ನಲವತ್ತು ನಿಮಿಷ. ಅಜ್ಜ ಕೇಳಿದ್ದರೆ ನಂಬುತ್ತಿರಲಿಲ್ಲ.

870 ಎಂದರೆ ಈ ದೇಶದಲ್ಲಿ ನಮ್ಮೂರಿನ ಬಜಾಜ್ ಸ್ಕೂಟರ್ ಇದ್ದ ಹಾಗೆ. 1950ರಲ್ಲಿ ಬಂದದ್ದು, ಈವರೆಗೆ ಒಂದು ಕೋಟಿಗೂ ಮೀರಿ ತಯಾರಾಗಿದೆ. ಪೊಲೀಸರ ಕಾರಿನಲ್ಲೂ ಅದೇ, ರೈತನ ಪಿಕಪ್ಪಿನಲ್ಲೂ ಅದೇ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಕೂರುತ್ತದೆ. ನನ್ನದರ ಮರ ಗೀರುಬಿದ್ದು, ಬಣ್ಣ ಸವೆದು, ಪೊಲೀಸ್ ಕಾರಿನ ಕಂಬಿಗೆ ಉಜ್ಜಿದ ಗುರುತು ಹೊತ್ತಿತ್ತು. ಆರು ತಿಂಗಳಲ್ಲಿ ನಾನು ಅದರಿಂದ ಐವತ್ತು ಈಡೂ ಹೊಡೆದಿರಲಿಲ್ಲ. ಆದರೂ ಅದು ನನಗೆ ಸಾಲದು ಅನ್ನಿಸಿತು. ಯಾಕೆ ಸಾಲದು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ.

ಇಲ್ಲಿ ಕೋವಿಯನ್ನು ಹೇಳಿ ಮಾಡಿಸುವುದೇ ಒಂದು ಕಸುಬು. ಕಾರ್ಖಾನೆಯ 870 ಅನ್ನೋ ಮಾಸ್‌ಬರ್ಗ್ 590 ಅನ್ನೋ ತೆಗೆದುಕೊಂಡು, ಪೂರ್ತಿ ಬಿಚ್ಚಿ, ಒಳಗಿನ ಒರಟನ್ನೆಲ್ಲ ಕೈಯಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ನಳಿಗೆಯ ಒಳಗನ್ನು ಸ್ವಲ್ಪ ಕೊರೆದು ಅಗಲಿಸುತ್ತಾರೆ. ತೋಟೆಯ ಮನೆಯಿಂದ ನಳಿಗೆ ಕಿರಿದಾಗುವ ಇಳಿಜಾರನ್ನು ಉದ್ದ ಮಾಡುತ್ತಾರೆ, ಚರೆ ಕಿಕ್ಕಿರಿಯದೆ ಒಟ್ಟಾಗಿ ಹೋಗಲಿ ಎಂದು. ವ್ಯಾಂಗ್ ಕಾಂಪ್ ಎಂಬವರು ಈ ನಳಿಗೆ ಕೆಲಸಕ್ಕೆ ಹೆಸರಾದವರು. ವಿಲ್ಸನ್ ಕಾಂಬ್ಯಾಟ್‌ನವರದು ಇಡೀ ಕೋವಿಗೇ ಹೆಸರು. ನಾನು ಹೋದದ್ದು ಈ ಇಬ್ಬರ ಹತ್ತಿರವೂ ಅಲ್ಲ, ಹೆಸರು ಹೇಳದೆ ಬಿಡುವ ಒಂದು ಸಣ್ಣ ಕಾರ್ಯಾಗಾರಕ್ಕೆ. ಅವರದೇನೂ ತಪ್ಪಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಕೊಟ್ಟರು, ಏಳು ತಿಂಗಳು ಕಾಯಿಸಿ.

ತಪ್ಪು ಆರ್ಡರ್ ಫಾರಮಿನಲ್ಲಿತ್ತು. ಮದುವೆ ಊಟದ ಮೆನು ಬರೆಸುವವನ ಉತ್ಸಾಹದಲ್ಲಿ ನಾನು ಒಂದೊಂದಕ್ಕೂ ಟಿಕ್ ಹಾಕುತ್ತ ಹೋದೆ. ಉದ್ದದ ಮ್ಯಾಗಜೀನ್, ಏಳು ತೋಟೆಗೆ: ಟಿಕ್. ಪಕ್ಕದಲ್ಲಿ ಇನ್ನಾರು ತೋಟೆ ಸಿಕ್ಕಿಸುವ ಪಟ್ಟಿ: ಟಿಕ್. ಮುಂದಿನ ಹಿಡಿಯಲ್ಲೇ ಕೂರಿಸಿದ ಟಾರ್ಚು, ಬಳೆಯಂಥ ಹಿಂದಿನ ಗುರಿಕಿಂಡಿ, ನಳಿಗೆ ಕೆಲಸ, ತುಕ್ಕು ಹಿಡಿಯದ ಕಪ್ಪು ಲೇಪ: ಟಿಕ್, ಟಿಕ್. ನಳಿಗೆ ಉದ್ದ 18 ಇಂಚು. ಅದಕ್ಕಿಂತ ಗಿಡ್ಡ ಬೇಕೆಂದರೆ 1934ರ ಕಾಯ್ದೆಯ ಪ್ರಕಾರ ಬೇರೆಯೇ ನೋಂದಣಿ. ಕೊನೆಯ ಸಾಲಿನಲ್ಲಿ, ಟ್ರಿಗರಿನಿಂದ ಬಟ್ಟಿನ, ಅಂದರೆ ಭುಜಕ್ಕೆ ಒತ್ತುವ ಹಿಂಬದಿಯ, ತುದಿಯವರೆಗೆ ಎಷ್ಟು ಇಂಚು ಬೇಕು ಎಂದು ಕೇಳಿತ್ತು. ‘ಸ್ಟ್ಯಾಂಡರ್ಡ್’ ಎಂದು ಬರೆದೆ. ನನ್ನ ಎತ್ತರ ಐದಡಿ ನಾಲ್ಕಿಂಚು.

ಪೆಟ್ಟಿಗೆ ಬಂದ ಸಂಜೆ ನೆನಪಿದೆ. ಫೋಮಿನಿಂದ ಎತ್ತಿ, ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಹಿಡಿಯನ್ನು ಮೆಲ್ಲಗೆ ಎಳೆದೆ. ಅಜ್ಜಿಯ ಪತ್ತಾಯದ ಹಲಗೆ ಮೇಣ ಸವರಿದ ಮೇಲೆ ಜಾರುತ್ತಿತ್ತಲ್ಲ, ಹಾಗೆ ಸದ್ದಿಲ್ಲದೆ ಜಾರಿತು. ಹಳೆಯದು ಎಳೆದರೆ ಡಬ್ಬದೊಳಗೆ ಮೊಳೆ ಕುಲುಕಿದ ಸದ್ದು. ಹೆಂಡತಿ ಬಾಗಿಲಲ್ಲಿ ನಿಂತು, “ಇದಕ್ಕೂ ಅದಕ್ಕೂ ಏನ್ರೀ ವ್ಯತ್ಯಾಸ?” ಎಂದಳು. ಅರ್ಧ ಗಂಟೆ ವಿವರಿಸಿದೆ. “ಊರಿನ ಮನೆ ಹೆಂಚು ಬದಲಾಯಿಸಬೇಕಿತ್ತು,” ಎಂದು ಒಳಗೆ ಹೋದಳು.

ಆಮೇಲಿನ ಕೆಲವು ತಿಂಗಳು ನನ್ನ ಕೋವಿ ಹೊಡೆದದ್ದಕ್ಕಿಂತ ತೋರಿಸಿಕೊಂಡದ್ದೇ ಹೆಚ್ಚು. ಮನೆಗೆ ಬಂದ ಗೆಳೆಯರು ಬೀಗದ ಕಪಾಟಿನ ಮುಂದೆ ನಿಂತು “ಓಹೋ” ಎನ್ನುತ್ತಿದ್ದರು. ನಾನು ತೋಟೆಯ ವಿಷಯ, ನಳಿಗೆಯ ವಿಷಯ ಅಧಿಕಾರವಾಣಿಯಲ್ಲಿ ಹೇಳುತ್ತಿದ್ದೆ.

ಇಷ್ಟೆಲ್ಲ ಮಾತಾಡುವವನು ಒಂದು ತರಬೇತಿಗಾದರೂ ಹೋಗಬೇಡವೇ ಎಂದು ಎರಡು ದಿನದ ಶಿಬಿರವೊಂದಕ್ಕೆ ಹೆಸರು ಕೊಟ್ಟೆ. ಮರುಭೂಮಿಯ ನಡುವೆ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿಗಳು. ಹನ್ನೊಂದು ಜನ. ನನ್ನ ಎಡಕ್ಕೆ ಅರವತ್ತು ದಾಟಿದ ಒಬ್ಬ ಹೆಂಗಸು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಕೈಯಲ್ಲಿದ್ದದ್ದು ನನ್ನ ಹಳೆಯದರ ತದ್ರೂಪ, ಬಟ್ಟಿಗೆ ಕರಿ ಟೇಪು ಸುತ್ತಿದ್ದು. ನನ್ನ ಕೋವಿ ನೋಡಿ “ಎಷ್ಟು ಚೆಂದ ಇದೆ” ಎಂದರು. ನಾನು ಅವರ ಕೋವಿ ನೋಡಿ ಏನೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಬಲತೋಳು ಊದಿತ್ತು. ಭುಜ ಅಲ್ಲ, ತೋಳು. ಬಟ್ಟು ಭುಜದ ಗುಳಿಯಲ್ಲಿ ಕೂರದೆ ಹೊರಕ್ಕೆ ಜಾರಿ ತೋಳಿನ ಮಾಂಸಕ್ಕೆ ಒದೆಯುತ್ತಿತ್ತು. ಖಾಲಿ ಕೋವಿಯೇ ಮೂರು ಕಿಲೋ ದಾಟುತ್ತದೆ. ಅದಕ್ಕೆ ತಲಾ 45–50 ಗ್ರಾಮಿನ ಹದಿಮೂರು ತೋಟೆ, ಟಾರ್ಚು, ಪಟ್ಟಿ. ಭಾರವೆಲ್ಲ ಮುಂದಕ್ಕೆ. ಎಡಗೈ ಪೂರ್ತಿ ಚಾಚಿದರೂ ಮುಂದಿನ ಹಿಡಿ ಬೆರಳ ತುದಿಗೆ ಸಿಕ್ಕಂತೆ. ಹಾಗಾಗಿ ನಾನು ಸೊಂಟ ಹಿಂದಕ್ಕೆ ಬಾಗಿಸಿ, ಕೊಡ ಎತ್ತಿದವರ ಹಾಗೆ ನಿಂತು ಹೊಡೆಯುತ್ತಿದ್ದೆ.

ಎರಡನೆಯ ದಿನ ಸೀಟಿ ಊದಿದ ಕೂಡಲೆ ಮೂರು ಗುರಿಗೆ ಮೂರು ಈಡು. ಒಬ್ಬೊಬ್ಬರೇ, ಉಳಿದವರೆಲ್ಲ ಹಿಂದೆ ನಿಂತು ನೋಡುವುದು. ನನ್ನ ಸರದಿ ಬಂತು. ಮೊದಲನೆಯದು ಢಮ್. ಹಿಡಿ ಎಳೆದು ತಳ್ಳಿದೆ. ಎರಡನೆಯದು ಟಿಕ್. ಮತ್ತೆ ಎಳೆದು ತಳ್ಳಿದೆ, ಮತ್ತೆ ಟಿಕ್. ಆ ಟಿಕ್ ಸದ್ದು ಫಾರಮಿನ ಟಿಕ್ಕುಗಳೆಲ್ಲ ಒಟ್ಟಿಗೆ ವಾಪಸು ಬಂದ ಹಾಗೆ ಕೇಳಿಸಿತು ಎಂದು ಈಗ ಚಮತ್ಕಾರ ಮಾಡಬಹುದು; ಆಗ ಕೇಳಿಸಿದ್ದು ಹಿಂದೆ ಯಾರೋ ಕೆಮ್ಮಿದ್ದು ಮಾತ್ರ. ಕೋವಿ ಕೆಟ್ಟಿರಬೇಕೆಂದು ನಾನು ಅದನ್ನೇ ದಿಟ್ಟಿಸಿ ನೋಡಿದೆ. ಕೋವಿಗೇನೂ ಆಗಿರಲಿಲ್ಲ. ಹಿಡಿಯನ್ನು ಕೊನೆಮುಟ್ಟ ಎಳೆಯದೆ ಮುಕ್ಕಾಲಿಗೇ ಮುಂದೂಡಿದರೆ ಖಾಲಿ ತೋಟೆ ಹೊರಗೆ ಬೀಳುತ್ತದೆ, ಹೊಸದು ಮೇಲೇರುವುದಿಲ್ಲ. ಪಂಪ್ ಕೋವಿ ಹಿಡಿದ ಹೊಸಬರೆಲ್ಲ ಅವಸರದಲ್ಲಿ ಮಾಡುವ ತಪ್ಪು ಇದು. 1,900 ಡಾಲರಿನ ನುಣುಪು ಕೂಡ ಆ ಉಳಿದ ಕಾಲು ಭಾಗವನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ. ಎಳೆದುಕೊಳ್ಳುವ ಕೋವಿಯೇ ಬೇಕಿದ್ದರೆ ಆ ದುಡ್ಡಿಗೆ ಇನ್ನು ಸ್ವಲ್ಪ ಸೇರಿಸಿ ಇಲ್ಲಿನ ಮೆರೀನ್ ಸೈನಿಕರು ಬಳಸುವ ಬೆನೆಲಿ ಎಂ4 ತೆಗೆದುಕೊಳ್ಳಬಹುದಿತ್ತು. ಅದು ಗ್ಯಾಸಿನ ಬಲದಿಂದ ತಾನೇ ತೋಟೆ ಬದಲಿಸುತ್ತದೆ.

ನನ್ನ ನಂತರ ಬಸ್ಸಿನ ಹೆಂಗಸು. ಢಮ್, ಢಮ್, ಢಮ್. ಖಾಲಿ ತೋಟೆ ಮೂರೂ ಅವರ ಬಲಗಾಲಿನ ಹತ್ತಿರ ಒಂದೇ ಕಡೆ ಬಿದ್ದಿದ್ದವು.

ಊಟದ ಹೊತ್ತಿಗೆ ತರಬೇತುದಾರ ನನ್ನ ಹತ್ತಿರ ಬಂದು, ಕೋವಿ ಖಾಲಿ ಮಾಡಿಸಿ, ನನ್ನ ಮೊಣಕೈ ಮಡಿಸಿ, ಬಟ್ಟಿನ ತುದಿಯನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದ. “ಈಗ ಟ್ರಿಗರ್ ಮುಟ್ಟು,” ಎಂದ. ನನ್ನ ಬೆರಳು ಟ್ರಿಗರಿಗಿಂತ ಎರಡು ಬೆರಳಗಲ ಹಿಂದೆಯೇ ನಿಂತಿತು. ಅವನು ನಗಲಿಲ್ಲ. “ನಿನ್ನ ಪಕ್ಕದವರ ಕೋವಿಗೆ ಟೇಪು ಯಾಕೆ ಸುತ್ತಿದೆ ಗೊತ್ತಾ? ಅವರ ಗಂಡ ಅದನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿದ್ದಾನೆ,” ಎಂದ.

ಆಗ ನೆನಪಾಯಿತು ಅಜ್ಜನ ಕೋವಿ. ಅದರ ಬಟ್ಟು ಮೋಟಾಗಿ, ನೋಡಲು ಬಾಲ ಕತ್ತರಿಸಿದ ನಾಯಿಯ ಹಾಗಿತ್ತು. ಕೊನೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಬಡತನಕ್ಕೋ ಮುರಿದದ್ದಕ್ಕೋ ಹಾಗೆ ಎಂದು ನಾನು ಅಂದುಕೊಂಡಿದ್ದೆ, ಶಾಲೆಯ ಗೆಳೆಯರಿಗೆ ಅದರ ವರ್ಣನೆ ಮಾಡುವಾಗ ಆ ಭಾಗ ಬಿಟ್ಟುಬಿಡುತ್ತಿದ್ದೆ. ಅಜ್ಜನೂ ನನ್ನಷ್ಟೇ ಎತ್ತರ. ಹೊಸ ಕೋವಿ ಮನೆಗೆ ಬಂದ ವಾರವೇ ಅಜ್ಜ ಅದನ್ನು ಆಚಾರಿಯ ಜಗಲಿಗೆ ಒಯ್ದು, “ಎರಡು ಬೆರಳು ತೆಗಿ ಮಾರಾಯ” ಎಂದಿದ್ದರಂತೆ. ಅಪ್ಪಯ್ಯ ಹೇಳುತ್ತಿದ್ದ ಆ ಕತೆ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಹೇಳಿ ಮಾಡಿಸಿದ ಕೋವಿ ನಮ್ಮ ಮನೆಯಲ್ಲೇ ಇತ್ತು.

ಶಿಬಿರದಿಂದ ಬಂದ ಮೇಲೆ ಹಟಕ್ಕೆ ಬಿದ್ದು ಒಂದು ಪರೀಕ್ಷೆ ಮಾಡಿದೆ. ಊರ ಹೊರಗಿನ ರೇಂಜಿನಲ್ಲಿ 15 ಗಜ ದೂರಕ್ಕೆ ದೊಡ್ಡ ಕಂದು ಕಾಗದ ಕಟ್ಟಿ, ಎರಡೂ ಕೋವಿಯಿಂದ ಒಂದೇ ಬಗೆಯ ಅಗ್ಗದ ತೋಟೆ ಹೊಡೆದೆ. ಡಬಲ್ ಆಟ್ ಬಕ್ ಎನ್ನುತ್ತಾರೆ, ನಮ್ಮಲ್ಲಿನ ಎಲ್.ಜಿ. ತೋಟೆಯ ದಾಯಾದಿ, ಒಂದರಲ್ಲಿ 8.4 ಮಿಲಿಮೀಟರಿನ ಒಂಬತ್ತು ಚರೆ. ಗಜಕ್ಕೊಂದು ಇಂಚು ಹರಡುತ್ತದೆ ಎಂಬುದು ಹಳಬರ ಲೆಕ್ಕ. ಹಳೆಯ ಕೋವಿ ಅದನ್ನು ಅಕ್ಷರಶಃ ಪಾಲಿಸಿತು, ಹದಿನೈದು ಇಂಚು. ಹೊಸದು ಎಂಟು ಇಂಚಿನೊಳಗೆ ಒಂಬತ್ತನ್ನೂ ಕೂರಿಸಿತು. ನಳಿಗೆ ಕೆಲಸ ಸುಳ್ಳಲ್ಲ, ಆ ದುಡ್ಡಿಗೆ ಮೋಸವಾಗಿಲ್ಲ ಎಂದು ಜೀವ ಹಗುರಾಯಿತು.

ಆಮೇಲೆ ಫೆಡರಲ್ ಕಂಪನಿಯ ಫ್ಲೈಟ್‌ಕಂಟ್ರೋಲ್ ಎಂಬ ತೋಟೆ ಒಂದು ಡಬ್ಬ ತೆಗೆದೆ. ಅದರೊಳಗಿನ ಪ್ಲಾಸ್ಟಿಕ್ ಬಟ್ಟಲು ನಳಿಗೆ ದಾಟಿದ ಮೇಲೂ ಸ್ವಲ್ಪ ದೂರ ಚರೆಯನ್ನು ಅಪ್ಪಿಕೊಂಡೇ ಹೋಗಿ, ಆಮೇಲೆ ಹಿಂದಿನಿಂದ ಬಿಟ್ಟುಕೊಡುತ್ತದೆ. ಹಳೆಯ 340 ಡಾಲರಿನ ಕೋವಿಯಿಂದ ಹೊಡೆದೆ. ಕಾಗದದ ಹತ್ತಿರ ಹೋಗಿ ನೋಡಿದರೆ ನನ್ನ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಎಲ್ಲ ತೂತುಗಳು, ನಡುವೆ ಎರಡು ಸೇರಿ ಒಂದಾಗಿದ್ದವು. ಇನ್ನೊಮ್ಮೆ ಹೊಡೆದೆ. ಅದೇ. ತೋಟೆಯೊಂದಕ್ಕೆ ಡಾಲರ್ ಎರಡರಷ್ಟು ಬೆಲೆ. ಆ ಕಾಗದ ಗ್ಯಾರೇಜಿನ ಗೋಡೆಯಲ್ಲಿ ಇನ್ನೂ ಇದೆ.

ಹಾಗೆಂದು ದುಬಾರಿ ಕೋವಿಯೆಲ್ಲ ದಂಡ ಎಂದು ನಾನು ಹೇಳಲಾರೆ. ಸ್ಪರ್ಧೆಗೆ ಹೋಗುವ, ವರ್ಷಕ್ಕೆ ಸಾವಿರಾರು ಈಡು ಹೊಡೆಯುವ ಒಬ್ಬಾತನನ್ನು ಬಲ್ಲೆ. ಅವನ ಕೋವಿಗೆ ನನ್ನದಕ್ಕಿಂತ ಹೆಚ್ಚು ಬಿದ್ದಿದೆ. ಆದರೆ ಅವನು ಮೊದಲು ಸಾದಾ ಕೋವಿಯಲ್ಲಿ ಎರಡು ವರ್ಷ ಹೊಡೆದು, ಎಲ್ಲೆಲ್ಲಿ ತೊಡರುತ್ತದೆ ಎಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟು, ಆ ನಾಲ್ಕೇ ವಿಷಯ ಮಾಡಿಸಿದ. ಟಾರ್ಚು ಕೂಡ ನಿಜವಾಗಿ ಬೇಕಾದದ್ದೇ. ಕತ್ತಲೆಯಲ್ಲಿ ಎದುರಿರುವುದು ಕಳ್ಳನೋ ನೀರು ಕುಡಿಯಲು ಎದ್ದ ಮಗನೋ ತಿಳಿಯದೆ ಕೋವಿ ಎತ್ತುವವನಿಗೆ ಕೋವಿಯೇ ಬೇಡ. ನಾನು ಕೊಂಡದ್ದು ಬೇರೆ ಯಾರದೋ ಪುಸ್ತಕದ ಪಟ್ಟಿ.

ಮಾರಲು ಹೋದಾಗ ಇನ್ನೊಂದು ತಿಳಿಯಿತು. ಮೂಲ ಕೋವಿಗೆ ಒಂದು ಬೆಲೆ ಇದೆ, ಅದನ್ನು ಯಾರಾದರೂ ಕೊಡುತ್ತಾರೆ. ಮೇಲಿನ ಕುಸುರಿಗೆ ಬೆಲೆ ಕಟ್ಟುವವನು ನನ್ನಂಥ ಇನ್ನೊಬ್ಬನೇ ಆಗಬೇಕು. ಸಿಕ್ಕಿದ. ಆರಡಿ ಎತ್ತರದ ಹುಡುಗ, ಎತ್ತಿ ಭುಜಕ್ಕೆ ಕೊಟ್ಟ ಕೂಡಲೆ ಅದು ಅವನಿಗೆ ಹೊಲಿಸಿದ ಅಂಗಿಯಂತೆ ಕೂತಿತು. ಹೊಟ್ಟೆ ಉರಿಯಿತು.

ಹಳೆಯದರ ಬಟ್ಟನ್ನು ಗ್ಯಾರೇಜಿನಲ್ಲಿ ಬಿಚ್ಚಿ, ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಟೇಪು ಅಂಟಿಸಿ ಗರಗಸ ಆಡಿಸಿದೆ. ಕೊನೆಯಲ್ಲಿ ಒಂದು ಸಿಬುರು ಹಾರಿತು, ನಾನೇನು ಆಚಾರಿಯಲ್ಲ. ಇಪ್ಪತ್ತೈದು ಡಾಲರಿನ ರಬ್ಬರ್ ಮೆತ್ತೆ ಕೂರಿಸಿದೆ. ಈಗ ಬಟ್ಟು ಭುಜದ ಗುಳಿ ಹುಡುಕಿಕೊಂಡು ತಾನೇ ಹೋಗಿ ಕೂರುತ್ತದೆ. ವಾರಕ್ಕೆರಡು ರಾತ್ರಿ, ತೋಟೆಯನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಕೋವಿಯಲ್ಲಿ ಹಿಡಿ ಎಳೆಯುವುದು ತಳ್ಳುವುದು ಮಾಡುತ್ತೇನೆ. ಡಬ್ಬದ ಮೊಳೆ ಸದ್ದು ಮನೆಯವರಿಗೆಲ್ಲ ಅಭ್ಯಾಸವಾಗಿದೆ.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಕೇಳಿದೆ, ಅಜ್ಜನ ಕೋವಿಯ ಬಟ್ಟು ಟ್ರಿಗರಿನಿಂದ ಸರಿಯಾಗಿ ಎಷ್ಟು ಇಂಚು ಇದೆ, ಟೇಪು ಹಿಡಿದು ನೋಡಿ ಹೇಳ್ತೀರಾ ಅಂತ.

“ಕೋವಿ ಎಲ್ಲಿದೆ ಇಲ್ಲಿ? ಎಲೆಕ್ಷನ್ ಅಲ್ವನೋ, ಠಾಣೇಲಿ ಕೊಟ್ಟು ಬಂದಿದೀನಿ,” ಎಂದರು. ಸ್ವಲ್ಪ ಸುಮ್ಮನಿದ್ದು, “ಇಷ್ಟು ವರ್ಷ ಇಲ್ಲದ್ದು ಅದರ ಅಳತೆ ಈಗ್ಯಾಕೆ ನಿನಗೆ?” ಎಂದರು.