ಬಾಪನ ಕೋವಿ, ಅಳಿಯನ ಪಿಸ್ತೂಲು

ನಮ್ಮ ಹಳೆಮನೆಯ ಚಾವಡಿಯಲ್ಲಿ ಬಲಬದಿಯ ಮೂರನೇ ಪಕ್ಕಾಸಿನಲ್ಲಿ ಏಳೆಂಟು ಸಣ್ಣ ತೂತುಗಳಿವೆ. ನೋಡಿದವರು ಹುಳ ಕೊರೆದದ್ದು ಅಂದುಕೊಳ್ಳುತ್ತಾರೆ. ಅವು ಬಾಪನ ಕೋವಿಯ ಚರೆ ಹೊಕ್ಕ ಗುರುತು.

ಅದು ಒಂಟಿ ನಳಿಗೆಯ ತೋಟೆ ಕೋವಿ. ತೋಟಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಬಾಪ ಅದನ್ನು ಯಾರೋ ಮಾರಿದ್ದನ್ನು ಕೊಂಡಿದ್ದರು. ಕ್ರಯ ಕಡಿಮೆ ಎಂಬುದೇ ಕಾರಣ. ಆಗ ಮಂಜೇಶ್ವರದ ನಮಗೆ ಲೈಸೆನ್ಸಿನ ಕೆಲಸಕ್ಕೆ ಕಣ್ಣೂರಿಗೇ ಓಡಬೇಕಿತ್ತು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಕಾಗದಪತ್ರಕ್ಕೆ ಅಷ್ಟು ಅಲೆದ ಬಾಪ ಕೋವಿಯ ಹೊಟ್ಟೆಯೊಳಗೆ ಏನಿದೆ ಎಂದು ಯಾರಿಗೂ ತೋರಿಸಿರಲಿಲ್ಲ. ಒಂದು ರಾತ್ರಿ ತೋಟದಿಂದ ಬಂದವರು ಎಳೆದಿಟ್ಟ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ಮೆಲ್ಲನೆ ಇಳಿಸುತ್ತಿದ್ದರು. ಬೆರಳು ಜಾರಿತು. ಜಾರಿದರೂ ಕುದುರೆ ಅರ್ಧದಲ್ಲಿ ಕಚ್ಚಿ ನಿಲ್ಲಬೇಕು, ಅದಕ್ಕೆಂದೇ ಒಳಗೆ ಒಂದು ಹಲ್ಲು ಇರುತ್ತದೆ. ಆ ಹಲ್ಲು ಸವೆದುಹೋಗಿತ್ತು. ಉಮ್ಮ ಚಾ ತರಲು ಒಳಗೆ ಹೋಗಿದ್ದರು. ನಾನು ಜಗಲಿಯಲ್ಲಿದ್ದೆ. ನಳಿಗೆ ಮೇಲ್ಮುಖವಾಗಿದ್ದ ಕಾರಣ ಪಕ್ಕಾಸು ಒಂದೇ ಪೆಟ್ಟು ತಿಂದಿತು.

ಇದೆಲ್ಲ ನೆನಪಾದದ್ದು ಟೆಕ್ಸಸ್‌ನಲ್ಲಿ. ಅಕ್ಕನ ಮಗ ಅಲ್ಲಿ ಪೆಟ್ರೋಲ್ ಪಂಪಿಗೆ ಅಂಟಿಕೊಂಡ ಸಣ್ಣ ಅಂಗಡಿಯಲ್ಲಿ ಪಾಲುದಾರ. ಗ್ರೀನ್ ಕಾರ್ಡ್ ಇದೆ, ರಾತ್ರಿ ಪಾಳಿ ಅವನದೇ. ರಸ್ತೆಯಾಚೆಯ ಅಂಗಡಿಯಲ್ಲಿ ದರೋಡೆಯಾದ ಮೇಲೆ ಅವನಿಗೆ ನಿದ್ದೆ ಕೆಟ್ಟಿತ್ತು. ನಾನು ಹೋದ ಎರಡನೇ ವಾರವೇ ಹೇಳಿದ, "ಮಾಮ, ನಾನೊಂದು ಪಿಸ್ತೂಲು ತೆಗೆಯುತ್ತೇನೆ. ಇನ್ನೂರು ಡಾಲರಿನ ಒಳಗೆ. ನಿಮಗೆ ಕೋವಿಯ ವಿಷಯ ಗೊತ್ತಲ್ಲ, ಬನ್ನಿ."

ನನಗೆ ಗೊತ್ತಿದ್ದದ್ದು ಕೋವಿ. ಪಿಸ್ತೂಲು ಬೇರೆ ಜಾತಿ. ನಮ್ಮ ದೇಶದಲ್ಲಿ 9 ಎಂ.ಎಂ. ಸಾಮಾನ್ಯರಿಗೆ ನಿಷೇಧ. ಅಲ್ಲಿ ಅದು ಗಾಜಿನ ಕಪಾಟಿನಲ್ಲಿ ವಾಚುಗಳ ಹಾಗೆ ಸಾಲಾಗಿ ಕೂತಿತ್ತು. ವಿಸಿಟ್ ವೀಸಾದಲ್ಲಿ ಹೋದ ನಾನು ಅದನ್ನು ಹಿಡಿಯುವುದು ಕಾನೂನಿನ ತೊಡಕು, ಹಾಗಾಗಿ ಕೈ ಹಿಂದೆ ಕಟ್ಟಿಕೊಂಡೇ ನಿಂತೆ. ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಕೈಗೆ ಬಂದರೆ ಗಂಡಸರಿಗೆ ಬುದ್ಧಿ ಕಡಿಮೆಯಾಗುತ್ತದೆ.

ಅಳಿಯ ಮೊದಲು ನಕ್ಕದ್ದು ಹೈ-ಪಾಯಿಂಟ್ ಎಂಬ ಪಿಸ್ತೂಲನ್ನು ನೋಡಿ. ಒಹಾಯೋದಲ್ಲಿ ತಯಾರಾಗುವ ಅಗ್ಗದ ಮಾಲು. ದಪ್ಪ ತಲೆ, ಭಾರ, ನಮ್ಮ ಹಳೆ ಇಸ್ತ್ರಿಪೆಟ್ಟಿಗೆಯ ಹಾಗೆ. ಆದರೆ ಆ ಕುರೂಪಕ್ಕೆ ಕಾರಣವಿದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಪ್ರತಿ ಗುಂಡಿಗೆ ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ತೋಟೆ ಎಸೆದು ಹೊಸದನ್ನು ಏರಿಸುತ್ತದೆ. ದುಬಾರಿ 9 ಎಂ.ಎಂ.ಗಳಲ್ಲಿ ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದು, ಒತ್ತಡ ಇಳಿದ ಮೇಲೆ ಬಿಡಿಸಿಕೊಳ್ಳುತ್ತವೆ. ಹೈ-ಪಾಯಿಂಟ್‌ನಲ್ಲಿ ಆ ಕೊಂಡಿ ಇಲ್ಲ. ಸ್ಲೈಡಿನ ತೂಕವೇ ಅದನ್ನು ತಡೆದು ಹಿಡಿಯಬೇಕು. ಅದಕ್ಕೇ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಅಷ್ಟು ದೊಡ್ಡ ಗಟ್ಟಿ. ಉಳಿತಾಯ ಎಲ್ಲಿ ಆಗಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಯಾರ ಕೈ ದಾಟಿ ಬಂದರೂ ಕಂಪನಿ ಆಯುಷ್ಯವಿಡೀ ರಿಪೇರಿ ಮಾಡಿಕೊಡುತ್ತದೆ ಎಂಬ ಮಾತೂ ಇದೆ. ನನಗೆ ಆ ಇಸ್ತ್ರಿಪೆಟ್ಟಿಗೆಯ ಮೇಲೆ ಗೌರವ ಬಂತು. ಉಳಿತಾಯ ಕಣ್ಣಿಗೆ ಕಾಣದ ಕಡೆ ಆಗಿದ್ದರೆ ಅದಕ್ಕೇ ಹೆದರಬೇಕು.

ಅಳಿಯನ ಕಣ್ಣು ಬಿದ್ದದ್ದು ಮೂಲೆಯ ಒಂದು ಹಳೆ ಪುಟ್ಟ ಪಿಸ್ತೂಲಿನ ಮೇಲೆ. ಹೊಳಪು, ಅಂಗೈಯಲ್ಲಿ ಹಿಡಿಸುವಷ್ಟು, ನೂರು ಡಾಲರಿಗೂ ಕಡಿಮೆ. 1968ರ ಕಾನೂನು ಇಂಥ ಅಗ್ಗದ ಸಣ್ಣ ಪಿಸ್ತೂಲುಗಳನ್ನು ಹೊರದೇಶದಿಂದ ತರಿಸುವುದನ್ನು ತಡೆಯಿತು, ಒಳಗೆ ಮಾಡುವುದನ್ನು ತಡೆಯಲಿಲ್ಲ. ಲಾಸ್ ಏಂಜಲೀಸ್ ಸುತ್ತ ಕಾರ್ಖಾನೆಗಳು ಎದ್ದವು. ಇದು ಆ ಕಾಲದ ಮಾಲು.

ನಾನು ಅಳಿಯನಿಗೆ ಒಂದೇ ಪ್ರಶ್ನೆ ಕೇಳಲು ಹೇಳಿದೆ. ಖಾಲಿ ಮಾಡುವಾಗ ಸೇಫ್ಟಿ ಎಲ್ಲಿರಬೇಕು?

ಅಂಗಡಿಯವ ತೋರಿಸಿದ. ಸೇಫ್ಟಿ ಹಾಕಿದ್ದರೆ ಸ್ಲೈಡ್ ಎಳೆಯಲು ಬರುವುದಿಲ್ಲ. ಒಳಗಿನ ತೋಟೆ ತೆಗೆಯಬೇಕಾದರೆ ಮೊದಲು ಸೇಫ್ಟಿ ಬಿಡಬೇಕು. ಅಂದರೆ ಅಪಾಯ ಕಳೆಯಲು ಹೊರಟ ಹೊತ್ತಿಗೇ ಪಿಸ್ತೂಲು ಸಿಡಿಯಲು ತಯಾರು. "ಹೆಸರುವಾಸಿ ಕೋಲ್ಟ್ 1911 ಕೂಡ ಹೀಗೇ" ಎಂದ ಅವನು. ಸುಳ್ಳಲ್ಲ. ಆದರೆ ನನ್ನ ತಲೆಯಲ್ಲಿದ್ದದ್ದು ಬೇರೆ ಕಥೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಪರಿಚಯದ ಯುವಕನೊಬ್ಬ ಬ್ರೈಕೋ ಕಂಪನಿಯ ಪಿಸ್ತೂಲನ್ನು ಖಾಲಿ ಮಾಡಲು ಹೋದ. ಸೇಫ್ಟಿ ಬಿಟ್ಟ, ಗುಂಡು ಹಾರಿತು. ಏಳು ವರ್ಷದ ಹುಡುಗನ ದವಡೆಗೆ ತಾಗಿ ಕತ್ತಿನ ಕೆಳಗೆ ಮೈ ಸತ್ತುಹೋಯಿತು. ತೋಟೆ ಸಿಕ್ಕಿಕೊಳ್ಳುವ ದೋಷವನ್ನು ಸರಿಮಾಡುವ ಬದಲು ಕಂಪನಿ ಸೇಫ್ಟಿಯನ್ನು ಹೀಗೆ ಬದಲಿಸಿತು ಎಂದು ಹುಡುಗನ ವಕೀಲರು ವಾದಿಸಿದರು. 2003ರಲ್ಲಿ ಜ್ಯೂರಿ ಹುಡುಗನ ಪರ ತೀರ್ಪು ಕೊಟ್ಟಿತು, ಕಂಪನಿ ದಿವಾಳಿ ಅರ್ಜಿ ಹಾಕಿತು. ಉಳಿದ ಮಾಲನ್ನು ಕೊಂಡು ಕರಗಿಸಬೇಕೆಂದು ಆ ಹುಡುಗನ ಕಡೆಯವರು ಹರಾಜಿನಲ್ಲಿ ಕೂಗಿದರು. ಕಂಪನಿಯಲ್ಲೇ ದುಡಿದವನೊಬ್ಬ ಹೆಚ್ಚು ಕೂಗಿ ತೆಗೆದುಕೊಂಡ.

ಅಳಿಯನ ಮಗಳಿಗೆ ನಾಲ್ಕು ವರ್ಷ. ಅವನು ಆ ಪಿಸ್ತೂಲನ್ನು ಕೌಂಟರ್ ಮೇಲೆ ಇಟ್ಟ.

ಅಮೆರಿಕದಲ್ಲಿ ಫ್ರಿಜ್ಜು, ತೊಟ್ಟಿಲು, ಆಟಿಕೆ ಅಪಾಯಕಾರಿಯಾದರೆ ಸರಕಾರದ ಗ್ರಾಹಕ ಸುರಕ್ಷಾ ಆಯೋಗ ವಾಪಸು ತರಿಸಬಲ್ಲದು, ಬಂದೂಕಿನ ಮೇಲೆ ಮಾತ್ರ ಅದಕ್ಕೆ ಅಧಿಕಾರವಿಲ್ಲ. ಕೆಲವು ರಾಜ್ಯಗಳು ತಮ್ಮದೇ ಪರೀಕ್ಷೆ ಇಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ ಒಂದೊಂದು ಮಾದರಿಯ ಮೂರು ಪಿಸ್ತೂಲು ತಂದು ಪ್ರತಿಯೊಂದರಲ್ಲೂ 600 ಗುಂಡು ಹಾರಿಸುತ್ತಾರೆ. ಒಂದು ಮೀಟರ್ ಮೇಲೆ ಒಂದು ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೇರೆ ಬೇರೆ ಭಂಗಿಯಲ್ಲಿ ಬೀಳಿಸುತ್ತಾರೆ, ಸಿಡಿಯಬಾರದು. ಟೆಕ್ಸಸ್‌ನಲ್ಲಿ ಅಂಥದ್ದೇನೂ ಇಲ್ಲ. ಆದರೂ ಆ ಪಟ್ಟಿಯನ್ನು ಫೋನಿನಲ್ಲಿ ನೋಡಬಹುದು, ನಾವು ನೋಡಿದೆವು.

ಕ್ರಯ ಹೆಚ್ಚಾದರೆ ಭಯ ಬೇಡ ಎಂದೂ ಅಲ್ಲ. ಅಮೆರಿಕದ ಸೈನ್ಯವೇ 2017ರ ಜನವರಿಯಲ್ಲಿ ಆರಿಸಿದ್ದು ಸಿಗ್ ಸಾವರ್ ಪಿ320 ಎಂಬ ಮಾದರಿಯನ್ನು. ಅದೇ ವರ್ಷ ಆಗಸ್ಟ್‌ನಲ್ಲಿ, ಪೇಟೆಯಲ್ಲಿ ಮಾರಿದ ಪಿ320 ಕೆಲವು ಕೋನದಲ್ಲಿ ಬಿದ್ದರೆ ಸಿಡಿಯುತ್ತದೆ ಎಂದು ಪರೀಕ್ಷೆ ಮಾಡಿದವರು ತೋರಿಸಿದ ಮೇಲೆ, ಕಂಪನಿ ಬಿಡಿಭಾಗ ಬದಲಿಸಿಕೊಡಲು ಮುಂದಾಯಿತು.

ಕೊನೆಗೆ ಅಳಿಯ ಬೇರೊಂದು ಹೊಸ ಪಿಸ್ತೂಲು ಕೊಂಡ, ಇನ್ನೂರಕ್ಕಿಂತ ಸ್ವಲ್ಪ ಮೇಲೆ. ಟ್ರಿಗರ್ ಪೂರ್ತಿ ಒತ್ತುವವರೆಗೆ ಒಳಗಿನ ಸೂಜಿಗೆ ಅಡ್ಡ ನಿಲ್ಲುವ ತಡೆ ಅದರಲ್ಲಿದೆ. ಇನ್ನೂರು ಗುಂಡು ಹಾರಿಸುವವರೆಗೆ ಅದನ್ನು ನಂಬಬೇಡ ಎಂದೆ. ಅವನಿಗೆ ಸಿಟ್ಟು ಬಂತು. "ಮಾಮ, ಉಳಿಸಿದ್ದೆಲ್ಲ ತೋಟೆಗೇ ಹೋಯಿತಲ್ಲ!" ಹೋಗಬೇಕಾದದ್ದೇ.

ಎರಡು ಶನಿವಾರ ಶೂಟಿಂಗ್ ರೇಂಜಿಗೆ ಹೋದೆವು. ನಾನು ಗಾಜಿನ ಹಿಂದೆ ಕೂತು ಚೀಟಿಯಲ್ಲಿ ಗೆರೆ ಎಳೆದೆ. ಐದು ಸಲ ತೋಟೆ ಸಿಕ್ಕಿಕೊಂಡಿತು. ಮೊದಲ ಸಲವೇ ಎರಡು ಮ್ಯಾಗಜೀನಿಗೂ ಮಾರ್ಕರಿನಲ್ಲಿ ನಂಬರ್ ಹಾಕಿಸಿದ್ದೆ. ಐದೂ ಎರಡನೇ ನಂಬರಿನದೇ. ನೋಡಿದರೆ ತೋಟೆಯನ್ನು ಹಿಡಿದಿಡುವ ಬಾಯಿಯ ಒಂದು ಬದಿಯ ತಗಡು ಕೂದಲಷ್ಟು ಅಗಲಿತ್ತು. ಪಿಸ್ತೂಲು ಕೆಟ್ಟದು ಎಂದು ಬೈಯುವವರಲ್ಲಿ ಬಹಳ ಮಂದಿ ನಿಜವಾಗಿ ಬೈಯಬೇಕಾದದ್ದು ಮ್ಯಾಗಜೀನನ್ನು. ಅದನ್ನು ಬದಲಿಸಿದ ಮೇಲೆ ಮತ್ತೆ ಐವತ್ತು ಹಾರಿಸಿದ, ನಿಲ್ಲಲಿಲ್ಲ.

ಮನೆಗೆ ಮಾತ್ರ ಅದು ಬರಕೂಡದು ಎಂದು ಅವನ ಹೆಂಡತಿ ಹೇಳಿದಳು. ಈಗ ಅಂಗಡಿಯ ಒಳಕೋಣೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಗೆ ಬಿದ್ದ ಹಣ ಪಿಸ್ತೂಲಿನ ಅರ್ಧ.

ಮೊನ್ನೆ ಫೋನ್ ಮಾಡಿದ್ದ. ರಾತ್ರಿ ಪಾಳಿಗೆ ಇನ್ನೊಬ್ಬನನ್ನು ಇಟ್ಟುಕೊಳ್ಳುವ ಯೋಚನೆಯಿದೆಯಂತೆ. ಇಡುವ ಮುಂಚೆ ಚಾವಡಿಯ ಆ ಪಕ್ಕಾಸಿನ ಫೋಟೋ ಕಳಿಸಿ ಮಾಮ, ಅಂದ. ಟಾರ್ಚ್ ಹಿಡಿದು, ಏಣಿ ಹತ್ತಿ ತೆಗೆದು ಕಳಿಸಿದೆ.